ಗೋಧಿಕಾಳಿನಿಂದ ರಕ್ತದ ಹನಿಯವರೆಗೆ: ಬಸಿರು ಪರೀಕ್ಷೆಯ ಕಥೆ



ನಿಮ್ಮೂರಿನ ಯಾವುದಾದರೂ ರಕ್ತಪರೀಕ್ಷೆಯ ಪ್ರಯೋಗಾಲಯಕ್ಕೆ ಬೆಳಿಗ್ಗೆ ಎಂಟರ ಹೊತ್ತಿಗೆ ಹೋಗಿ ನೋಡಿ. ಸಕ್ಕರೆ ಕಾಯಿಲೆಯವರು, ಥೈರಾಯ್ಡ್ ತೊಂದರೆಯವರು, ಜ್ವರದವರು ಸಾಲಾಗಿ ಕುಳಿತಿರುತ್ತಾರೆ. ಅವರ ನಡುವೆ, ಅತ್ತೆಯನ್ನೋ ಗಂಡನನ್ನೋ ಜೊತೆಗೆ ಕರೆದುಕೊಂಡು ಬಂದ ಒಬ್ಬ ಯುವತಿಯೂ ಇರುತ್ತಾಳೆ. ತೋಳಿಗೆ ರಬ್ಬರ್ ಪಟ್ಟಿ ಬಿಗಿದು ಎರಡು ಮೂರು ಮಿಲಿಲೀಟರ್ ರಕ್ತ ತೆಗೆಯುತ್ತಾರೆ. ಸಂಜೆಗೆ ಕೈಗೆ ಬರುವ ವರದಿಯಲ್ಲಿ 'ಸೀರಮ್ ಬೀಟಾ ಎಚ್‌ಸಿಜಿ' ಎಂಬ ಒಂದು ಸಾಲು, ಅದರ ಮುಂದೆ ಒಂದು ಸಂಖ್ಯೆ. ವೈದ್ಯೆ ಅದನ್ನು ನೋಡಿ, "ಸರಿ ಅಮ್ಮಾ, ನಾಡಿದ್ದು ಇದನ್ನೇ ಇನ್ನೊಮ್ಮೆ ಮಾಡಿಸಿಕೊಂಡು ಬನ್ನಿ" ಎನ್ನುತ್ತಾರೆ.

ಒಂದು ಸಲ ಮಾಡಿಸಿದ ಪರೀಕ್ಷೆಯನ್ನು ಎರಡೇ ದಿನದಲ್ಲಿ ಮತ್ತೆ ಮಾಡಿಸುವುದು ಯಾಕೆ? ಬಸಿರು ಇದೆ ಅಥವಾ ಇಲ್ಲ ಎಂದು ಹೇಳಿದರೆ ಸಾಲದೇ? ಸಂಖ್ಯೆ ಯಾತಕ್ಕೆ? ಈ ಸಣ್ಣ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ಮೂರು ಸಾವಿರ ವರ್ಷಗಳಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ. ಬನ್ನಿ, ಹೋಗೋಣ.

ಚೀಲದಲ್ಲಿ ಮೊಳೆತ ಕಾಳು

ನಮ್ಮ ಅಜ್ಜಿಯರ ಕಾಲದಲ್ಲಿ ಬಸಿರಿನ ಸುಳಿವು ಸಿಗುತ್ತಿದ್ದುದು ಮೂರು ವಿಷಯಗಳಿಂದ. ಮುಟ್ಟು ನಿಂತಿತು, ವಾಂತಿ ಶುರುವಾಯಿತು, ಹುಣಿಸೆಕಾಯಿಗೋ ಮಾವಿನಕಾಯಿಗೋ ಬಾಯಿ ಹಾತೊರೆಯಿತು. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ ಹೌದೆಂದರೆ ಹೌದು. ಆದರೆ ಆ ಮಾತು ನಿಶ್ಚಯವಾಗುವ ಹೊತ್ತಿಗೆ ಎರಡು ಮೂರು ತಿಂಗಳು ಕಳೆದಿರುತ್ತಿತ್ತು.

ಪ್ರಾಚೀನ ಈಜಿಪ್ಟಿನವರು ಅಷ್ಟು ಕಾಯಲು ಒಪ್ಪಲಿಲ್ಲ. ಸುಮಾರು 3,300 ವರ್ಷಗಳ ಹಿಂದೆ ಬರೆದ, ಈಗ ಬರ್ಲಿನ್ನಿನಲ್ಲಿರುವ ಒಂದು ಪಪೈರಸ್ ಸುರುಳಿಯಲ್ಲಿ ಅವರ ಪರೀಕ್ಷೆಯ ವಿವರ ಇದೆ. ಹೆಂಗಸು ಪ್ರತಿದಿನ ಗೋಧಿ ಮತ್ತು ಬಾರ್ಲಿ ಕಾಳುಗಳ ಮೇಲೆ ಮೂತ್ರ ಮಾಡಬೇಕು. ಕಾಳು ಮೊಳೆತರೆ ಬಸಿರು ಇದೆ, ಮೊಳೆಯದಿದ್ದರೆ ಇಲ್ಲ. ಯಾವ ಕಾಳು ಮೊಳೆಯಿತು ಎಂಬುದರ ಮೇಲೆ ಹುಟ್ಟುವುದು ಗಂಡೋ ಹೆಣ್ಣೋ ಎಂದೂ ಹೇಳುತ್ತಿದ್ದರು.

ಇದನ್ನು ಓದಿ ನಗಬೇಡಿ. 1963ರಲ್ಲಿ ಈಜಿಪ್ಟಿನ ಸಂಶೋಧಕರು ಇದನ್ನು ನಿಜಕ್ಕೂ ಮಾಡಿ ನೋಡಿದರು. ಗರ್ಭಿಣಿಯರ ಮೂತ್ರ ಹಾಕಿದಾಗ ನೂರಕ್ಕೆ ಸುಮಾರು 70 ಸಲ ಕಾಳು ಮೊಳೆಯಿತು. ಗಂಡಸರ ಮತ್ತು ಗರ್ಭಿಣಿಯರಲ್ಲದವರ ಮೂತ್ರದಲ್ಲಿ ಮೊಳೆಯಲಿಲ್ಲ. ಗಂಡು ಹೆಣ್ಣಿನ ಭವಿಷ್ಯ ಮಾತ್ರ ಸುಳ್ಳಾಯಿತು. ಗರ್ಭ ನಿಂತಾಗ ತಾಯಿಯ ದೇಹದಲ್ಲಿ ಹೊಸತೇನೋ ಉತ್ಪತ್ತಿಯಾಗುತ್ತದೆ, ಅದು ಮೂತ್ರದಲ್ಲಿ ಹೊರಬರುತ್ತದೆ ಎಂಬ ಊಹೆ ಸರಿಯಾಗಿಯೇ ಇತ್ತು. ಆ ಹೊಸತು ಯಾವುದು ಎಂದು ತಿಳಿಯಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು.

ಇಲಿ, ಮೊಲ, ಕಪ್ಪೆ

1905ರಲ್ಲಿ ಲಂಡನ್ನಿನ ಶರೀರಶಾಸ್ತ್ರಜ್ಞ ಅರ್ನೆಸ್ಟ್ ಸ್ಟಾರ್ಲಿಂಗ್ 'ಹಾರ್ಮೋನು' ಎಂಬ ಪದವನ್ನು ಬಳಕೆಗೆ ತಂದರು. ದೇಹದ ಒಂದು ಅಂಗದಲ್ಲಿ ಹುಟ್ಟಿ, ರಕ್ತದಲ್ಲಿ ಹರಿದು, ಇನ್ನೊಂದು ಅಂಗಕ್ಕೆ ಕೆಲಸ ಹೇಳುವ ರಾಸಾಯನಿಕ ದೂತ ಎಂದು ಅದರ ಅರ್ಥ.

1927ರ ಸುಮಾರಿಗೆ ಬರ್ಲಿನ್ನಿನಲ್ಲಿ ಸೆಲ್ಮಾರ್ ಆಶ್‌ಹೈಮ್ ಮತ್ತು ಬರ್ನ್‌ಹಾರ್ಡ್ ಜೋಂಡೆಕ್ ಎಂಬ ಇಬ್ಬರು ವೈದ್ಯರು ಗರ್ಭಿಣಿಯರ ಮೂತ್ರದಲ್ಲಿ ಇಂಥ ದೂತನೊಬ್ಬನನ್ನು ಗುರುತಿಸಿದರು. ಅವನನ್ನು ಕಣ್ಣಿನಿಂದ ಕಾಣುವಂತಿಲ್ಲ, ತೂಕ ಹಾಕುವಂತಿಲ್ಲ. ಅವನು ಮಾಡುವ ಕೆಲಸವನ್ನು ನೋಡಿಯೇ ಅವನಿದ್ದಾನೆಂದು ತಿಳಿಯಬೇಕು. ಅದಕ್ಕಾಗಿ ಅವರು ಇನ್ನೂ ಬಲಿಯದ ಹೆಣ್ಣಿಲಿಮರಿಗಳಿಗೆ ಆ ಮೂತ್ರವನ್ನು ಚುಚ್ಚಿದರು. ಕೆಲವು ದಿನ ಬಿಟ್ಟು ಇಲಿಗಳನ್ನು ಕೊಂದು ಅಂಡಾಶಯ ನೋಡಿದರು. ಅಕಾಲದಲ್ಲೇ ಅದು ಬಲಿತಿದ್ದರೆ ಮೂತ್ರ ಕೊಟ್ಟ ಹೆಂಗಸು ಗರ್ಭಿಣಿ. ಆಗಿನ ಕಾಲಕ್ಕೆ ಇದು ಅಚ್ಚರಿಯಷ್ಟು ನಂಬಿಕೆಗೆ ಅರ್ಹವಾದ ಪರೀಕ್ಷೆಯಾಗಿತ್ತು. ಆದರೆ ಇದನ್ನು ಕಂಡುಹಿಡಿದವರಿಗೆ ಜರ್ಮನಿಯಲ್ಲಿ ನೆಲೆ ಉಳಿಯಲಿಲ್ಲ. ಇಬ್ಬರೂ ಯಹೂದಿಗಳು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಜೋಂಡೆಕ್ ಕೆಲಸ ಕಳೆದುಕೊಂಡು ಸ್ವೀಡನ್ ಮೂಲಕ ಜೆರುಸಲೇಮಿಗೆ ಹೋದರು. ಆಶ್‌ಹೈಮ್ ಪ್ಯಾರಿಸಿಗೆ ಹೋದರು.

1931ರಲ್ಲಿ ಅಮೆರಿಕದ ಮಾರಿಸ್ ಫ್ರೀಡ್‌ಮನ್ ಇಲಿಗೆ ಬದಲು ಮೊಲವನ್ನು ಬಳಸಿದರು. ಉತ್ತರ ಎರಡೇ ದಿನದಲ್ಲಿ ಸಿಕ್ಕಿತು. ಮೊಲ ಸತ್ತರೆ ಬಸಿರು ಎಂಬ ನುಡಿಯೇ ಆ ದೇಶದಲ್ಲಿ ಹುಟ್ಟಿಕೊಂಡಿತು. ನಿಜಾಂಶವೆಂದರೆ ಉತ್ತರ ಯಾವುದೇ ಇರಲಿ, ಮೊಲ ಸಾಯಲೇಬೇಕಿತ್ತು. ಅದರ ಅಂಡಾಶಯವನ್ನು ನೋಡದೆ ಉತ್ತರವೇ ಇಲ್ಲ.

ಪ್ರಾಣಿಯನ್ನು ಕೊಲ್ಲದ ಪರೀಕ್ಷೆ ಬಂದದ್ದು ದಕ್ಷಿಣ ಆಫ್ರಿಕದಿಂದ. ಅಲ್ಲಿನ ಜೀನೋಪಸ್ ಎಂಬ ನೀರುಗಪ್ಪೆಯ ಮೇಲೆ ಲಾನ್ಸೆಲಾಟ್ ಹಾಗ್‌ಬೆನ್ ಮಾಡಿದ ಕೆಲಸವನ್ನು ಅನುಸರಿಸಿ, ಕೇಪ್‌ಟೌನಿನ ಸಂಶೋಧಕರು 1930ರ ದಶಕದ ಮೊದಲಲ್ಲಿ ಇದನ್ನು ರೂಪಿಸಿದರು. ಗರ್ಭಿಣಿಯ ಮೂತ್ರ ಚುಚ್ಚಿದ ಹೆಣ್ಣುಗಪ್ಪೆ ಒಂದು ದಿನದೊಳಗೆ ಮೊಟ್ಟೆಯಿಡುತ್ತಿತ್ತು. ಕಪ್ಪೆ ಬದುಕುಳಿದು ಮತ್ತೊಂದು ಪರೀಕ್ಷೆಗೂ ಒದಗುತ್ತಿತ್ತು. ಹಲವು ದೇಶಗಳ ಆಸ್ಪತ್ರೆಗಳಲ್ಲಿ ತೊಟ್ಟಿ ತುಂಬ ಕಪ್ಪೆ ಸಾಕಿದ ಕಾಲ ಅದು!

ಈ ಹಾರ್ಮೋನು ಹುಟ್ಟುವುದು ಎಲ್ಲಿ? ಆಶ್‌ಹೈಮ್ ಮತ್ತು ಜೋಂಡೆಕ್ ಮಿದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯಲ್ಲಿ ಎಂದು ತಿಳಿದಿದ್ದರು. 1938ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಜಾರ್ಜ್ ಗೈ, ಜಾರ್ಜಿಯಾನಾ ಸೀಗರ್ ಮೊದಲಾದವರು ಮಾಸಿನ ಜೀವಕೋಶಗಳನ್ನು ಗಾಜಿನ ಕೊಳವೆಯಲ್ಲಿ ಬೆಳೆಸಿದಾಗ ಅವೇ ಈ ಹಾರ್ಮೋನನ್ನು ಸ್ರವಿಸಿದವು. ಮಾಸು ಎಂದರೆ ಗೊತ್ತಲ್ಲ, ತಾಯಿಯನ್ನೂ ಭ್ರೂಣವನ್ನೂ ಬೆಸೆಯುವ ಅಂಗ. ಅದರ ಹೊರಪೊರೆಗೆ 'ಕೋರಿಯಾನ್' ಎಂದು ಹೆಸರು. ಆದ್ದರಿಂದ ಹಾರ್ಮೋನು 'ಹ್ಯೂಮನ್ ಕೋರಿಯಾನಿಕ್ ಗೊನಡೊಟ್ರೋಪಿನ್', ಚಿಕ್ಕದಾಗಿ ಎಚ್‌ಸಿಜಿ ಎನಿಸಿತು. ಇದರ ಕೆಲಸ ಸರಳ. "ಇಲ್ಲೊಂದು ಜೀವ ನೆಲೆಸಿದೆ, ಮುಟ್ಟು ಬರಗೊಡಬೇಡ" ಎಂದು ತಾಯಿಯ ಅಂಡಾಶಯಕ್ಕೆ ಸುದ್ದಿ ಮುಟ್ಟಿಸುವುದು. ಸುದ್ದಿ ಮುಟ್ಟಿದರೆ ಅಂಡಾಶಯ ಪ್ರೊಜೆಸ್ಟರಾನ್ ಹಾರ್ಮೋನನ್ನು ಸುರಿಸುತ್ತಲೇ ಇರುತ್ತದೆ, ಗರ್ಭಕೋಶದ ಹಾಸಿಗೆ ಕಳಚಿ ಬೀಳುವುದಿಲ್ಲ.

'ಇದೆಯೇ' ಎಂಬುದಲ್ಲ, 'ಎಷ್ಟಿದೆ' ಎಂಬುದು

ಇಲಿ, ಮೊಲ, ಕಪ್ಪೆಗಳ ಪರೀಕ್ಷೆ 'ಇದೆ' ಅಥವಾ 'ಇಲ್ಲ' ಎಂದು ಹೇಳುತ್ತಿತ್ತು. 'ಎಷ್ಟು' ಎಂದು ತಿಳಿಯಬೇಕಾದರೆ ಮೂತ್ರವನ್ನು ಬೇರೆ ಬೇರೆ ಪ್ರಮಾಣದಲ್ಲಿ ತೆಳುವಾಗಿಸಿ ಅನೇಕ ಪ್ರಾಣಿಗಳಿಗೆ ಚುಚ್ಚಬೇಕಿತ್ತು. ಅಷ್ಟು ಕಷ್ಟಪಟ್ಟಾದರೂ ಪ್ರಮಾಣ ತಿಳಿಯಬೇಕಾದ ಅಗತ್ಯ ಯಾರಿಗಿತ್ತು? ಕೆಲವು ತಾಯಂದಿರಿಗೆ ಅದು ಸಾವು ಬದುಕಿನ ಪ್ರಶ್ನೆಯಾಗಿತ್ತು.

ಬಹಳ ಅಪರೂಪಕ್ಕೆ ಮಾಸಿನ ಜೀವಕೋಶಗಳೇ ಕ್ಯಾನ್ಸರಾಗಿ ಬೆಳೆಯುತ್ತವೆ. ಅದಕ್ಕೆ ಕೋರಿಯೋಕಾರ್ಸಿನೋಮ ಎಂದು ಹೆಸರು. ಶ್ವಾಸಕೋಶಕ್ಕೆ, ಮಿದುಳಿಗೆ ಹರಡುವ ಈ ರೋಗಕ್ಕೆ ತುತ್ತಾದ ಎಳೆಯ ತಾಯಂದಿರಲ್ಲಿ ಬಹುಮಂದಿ ಆಗ ಒಂದು ವರ್ಷದೊಳಗೆ ತೀರಿಕೊಳ್ಳುತ್ತಿದ್ದರು. ಮಾಸಿನ ಜೀವಕೋಶವಾದ್ದರಿಂದ ಈ ಕ್ಯಾನ್ಸರ್ ಕೂಡ ಎಚ್‌ಸಿಜಿಯನ್ನು ಸುರಿಸುತ್ತದೆ.

1956ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ, ಚೀನಾದಲ್ಲಿ ಹುಟ್ಟಿದ ಮಿನ್ ಚಿಯು ಲೀ ಎಂಬ ವೈದ್ಯರು ಮತ್ತು ಅವರ ಹಿರಿಯ ಸಹೋದ್ಯೋಗಿ ರಾಯ್ ಹರ್ಟ್ಜ್ ಈ ರೋಗಕ್ಕೆ ಮೆಥೊಟ್ರೆಕ್ಸೇಟ್ ಎಂಬ ಔಷಧ ಕೊಟ್ಟರು. ಈ ಬಗೆಯ ಔಷಧಗಳು ಹೊರಬಂದದ್ದು ಲೆಡರ್ಲಿ ಪ್ರಯೋಗಾಲಯದಲ್ಲಿ, ನಮ್ಮವರೇ ಆದ, ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಮುಂದಾಳತ್ವದಲ್ಲಿ ಆರಂಭವಾದ ಸಂಶೋಧನೆಯಿಂದ. ಗೆಡ್ಡೆಗಳು ಕರಗಿದವು. ಎಕ್ಸ್-ರೇ ತೆಗೆದರೆ ಶ್ವಾಸಕೋಶ ಸ್ವಚ್ಛ. ಎಲ್ಲರಿಗೂ ಸಂತೋಷ. ಆದರೆ ಲೀ ಅವರಿಗೆ ಸಮಾಧಾನವಿಲ್ಲ. ರೋಗಿಯ ಮೂತ್ರದಲ್ಲಿ ಇನ್ನೂ ಸ್ವಲ್ಪ ಎಚ್‌ಸಿಜಿ ಉಳಿದಿತ್ತು. ಹಾರ್ಮೋನು ಇದೆ ಎಂದರೆ ಅದನ್ನು ಸುರಿಸುವ ಜೀವಕೋಶ ಎಲ್ಲೋ ಅಡಗಿದೆ ಎಂದೇ ಅರ್ಥ. ಆ ಸಂಖ್ಯೆ ಸೊನ್ನೆಗೆ ಇಳಿಯುವವರೆಗೂ ಔಷಧ ನಿಲ್ಲಿಸಬಾರದು ಎಂದು ಅವರು ಹಟ ಹಿಡಿದರು.

ಕಣ್ಣಿಗೆ ಕಾಣುವ ರೋಗವೇ ಇಲ್ಲದವರಿಗೆ ವಿಷದಂಥ ಔಷಧ ಕೊಡುವುದೇ? ಮೇಲಿನವರು ಒಪ್ಪಲಿಲ್ಲ. ಲೀ ಆ ಸಂಸ್ಥೆಯನ್ನೇ ಬಿಡಬೇಕಾಯಿತು. ಕಾಲ ತೀರ್ಪು ಕೊಟ್ಟಿತು. ಬೇಗ ಔಷಧ ನಿಲ್ಲಿಸಿದವರಲ್ಲಿ ರೋಗ ಮರುಕಳಿಸಿತು. ಸಂಖ್ಯೆ ಸೊನ್ನೆಯಾಗುವವರೆಗೆ ಚಿಕಿತ್ಸೆ ಪಡೆದವರು ಗುಣವಾದರು. ಔಷಧದಿಂದಲೇ ಪೂರ್ತಿ ಗುಣವಾದ ಮೊದಲ ಘನಗೆಡ್ಡೆಯ ಕ್ಯಾನ್ಸರ್ ಇದು. 1972ರಲ್ಲಿ ಲೀ ಅವರಿಗೂ ಹರ್ಟ್ಜ್ ಅವರಿಗೂ ಲಾಸ್ಕರ್ ಪ್ರಶಸ್ತಿ ಬಂತು.

ಬಸ್ಸಿನ ಸೀಟು ಮತ್ತು ಒಂದು ಜಾಣ ಉಪಾಯ

ರಕ್ತದಲ್ಲಿ ಹಾರ್ಮೋನಿನ ಪ್ರಮಾಣ ಎಷ್ಟು ಕಡಿಮೆ ಗೊತ್ತೇ? ಗರ್ಭದ ಮೊದಲ ದಿನಗಳಲ್ಲಿ ಒಂದು ಮಿಲಿಲೀಟರ್ ರಕ್ತದಲ್ಲಿ ಇರುವುದು ಗ್ರಾಮಿನ ನೂರು ಕೋಟಿಯಲ್ಲಿ ಒಂದೆರಡು ಪಾಲು ಮಾತ್ರ. ಇಷ್ಟನ್ನು ಅಳೆಯುವ ತಕ್ಕಡಿ ಯಾವುದು?

ಆ ತಕ್ಕಡಿಯನ್ನು ಕೊಟ್ಟವರು ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿರುವ ಮಾಜಿ ಸೈನಿಕರ ಆಸ್ಪತ್ರೆಯ ರೋಸಲಿನ್ ಯಾಲೋ ಮತ್ತು ಸಾಲೊಮನ್ ಬೆರ್ಸನ್. ಯಾಲೋ 1921ರಲ್ಲಿ ಹುಟ್ಟಿದರು, ಓದಿದ್ದು ಭೌತವಿಜ್ಞಾನ. ಇಲಿನಾಯ್ ವಿಶ್ವವಿದ್ಯಾನಿಲಯದ ಎಂಜಿನಿಯರಿಂಗ್ ಕಾಲೇಜಿಗೆ ಅವರು ಸೇರಿದಾಗ 400 ಜನ ಬೋಧಕವರ್ಗದಲ್ಲಿ ಅವರೊಬ್ಬರೇ ಹೆಂಗಸು. ಆಸ್ಪತ್ರೆಯಲ್ಲಿ ಅವರಿಗೆ ಮೊದಲು ಸಿಕ್ಕ ಪ್ರಯೋಗಾಲಯ ಪೊರಕೆ, ಬಕೆಟ್ಟು ಇಡುತ್ತಿದ್ದ ಕೋಣೆ.

ಇನ್ಸುಲಿನ್ ಚುಚ್ಚಿಸಿಕೊಳ್ಳುವ ರೋಗಿಗಳ ರಕ್ತದಲ್ಲಿ ಅದಕ್ಕೆ ಪ್ರತಿಕಾಯಗಳು ಹುಟ್ಟುತ್ತವೆ ಎಂದು ಅವರಿಬ್ಬರು ಕಂಡುಕೊಂಡರು. ಇನ್ಸುಲಿನ್ನಿನಂಥ ಚಿಕ್ಕ ಅಣುವಿಗೆ ಪ್ರತಿಕಾಯವೇ ಎಂದು ಪಂಡಿತರು ನಂಬಲಿಲ್ಲ. 1955ರಲ್ಲಿ ಅವರ ಪ್ರಬಂಧ ತಿರಸ್ಕೃತವಾಯಿತು. ಶೀರ್ಷಿಕೆಯಿಂದ 'ಪ್ರತಿಕಾಯ' ಎಂಬ ಪದ ತೆಗೆದ ಮೇಲೆಯೇ ಮರುವರ್ಷ ಅಚ್ಚಾಯಿತು. ಆ ತಿರಸ್ಕಾರ ಪತ್ರವನ್ನು ಯಾಲೋ ಜೋಪಾನವಾಗಿ ಇಟ್ಟುಕೊಂಡು, ಮುಂದೆ ತಮ್ಮ ನೊಬೆಲ್ ಉಪನ್ಯಾಸದಲ್ಲೇ ತೋರಿಸಿದರು!

ಪ್ರತಿಕಾಯ ತನ್ನ ಹಾರ್ಮೋನನ್ನೇ ಹುಡುಕಿ ಹಿಡಿಯುತ್ತದೆ ಎಂದಾದರೆ, ಅದನ್ನೇ ಅಳತೆಗೋಲಾಗಿ ಮಾಡಬಾರದೇಕೆ? ಈ ಉಪಾಯವನ್ನು ಒಂದು ಉದಾಹರಣೆಯಿಂದ ತಿಳಿಯೋಣ. 50 ಸೀಟುಗಳ ಒಂದು ಬಸ್ಸು ಇದೆಯೆನ್ನಿ. ಕೆಂಪು ಟೋಪಿ ಹಾಕಿದ 50 ಜನ ಹತ್ತಿದರೆ ಸೀಟುಗಳಲ್ಲೆಲ್ಲ ಕೆಂಪು ಟೋಪಿಗಳೇ. ಅವರ ಜೊತೆ ಟೋಪಿಯಿಲ್ಲದ 50 ಜನರೂ ನುಗ್ಗಿದರೆ? ಸೀಟಿನಲ್ಲಿ ಕಾಣುವ ಕೆಂಪು ಟೋಪಿಗಳು ಸುಮಾರು 25ಕ್ಕೆ ಇಳಿಯುತ್ತವೆ. ಟೋಪಿಯಿಲ್ಲದವರು 150 ಆದರೆ ಹನ್ನೆರಡು ಹದಿಮೂರಕ್ಕೆ ಇಳಿಯುತ್ತವೆ. ಟೋಪಿಯಿಲ್ಲದವರನ್ನು ನೀವು ಎಣಿಸಲೇಬೇಕಿಲ್ಲ. ಸೀಟಿನಲ್ಲಿರುವ ಕೆಂಪು ಟೋಪಿಗಳನ್ನು ಎಣಿಸಿದರೆ ಅವರ ಲೆಕ್ಕ ತಾನಾಗಿ ಸಿಗುತ್ತದೆ.

ಇಲ್ಲಿ ಸೀಟು ಎಂದರೆ ಪ್ರತಿಕಾಯ. ಟೋಪಿಯಿಲ್ಲದವರು ರೋಗಿಯ ರಕ್ತದಲ್ಲಿರುವ ಹಾರ್ಮೋನು. ಕೆಂಪು ಟೋಪಿಯವರು ವಿಕಿರಣಶೀಲ ಅಯೋಡಿನ್ ಅಂಟಿಸಿದ ಹಾರ್ಮೋನು. ವಿಕಿರಣವನ್ನು ಎಣಿಸುವ ಯಂತ್ರ ಕೆಂಪು ಟೋಪಿಗಳನ್ನು ಎಣಿಸುತ್ತದೆ. ಇದೇ ರೇಡಿಯೋ ಇಮ್ಯುನೋ ಅಸ್ಸೇ. 1959–60ರಲ್ಲಿ ಅವರಿಬ್ಬರು ಇದನ್ನು ಇನ್ಸುಲಿನ್ನಿಗೆ ಬಳಸಿ ಪ್ರಕಟಿಸಿದರು. ಪೇಟೆಂಟ್ ಪಡೆದಿದ್ದರೆ ಕೋಟ್ಯಧೀಶರಾಗುತ್ತಿದ್ದರು. ಅವರು ಪಡೆಯಲಿಲ್ಲ. ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟರು. ಬೆರ್ಸನ್ 1972ರಲ್ಲಿ ತೀರಿಕೊಂಡರು. ಯಾಲೋ ತಮ್ಮ ಪ್ರಯೋಗಾಲಯಕ್ಕೆ ಗೆಳೆಯನ ಹೆಸರಿಟ್ಟರು. ತಾವು ಬರೆಯುವ ಪ್ರತಿ ಪ್ರಬಂಧದಲ್ಲೂ ಆ ಹೆಸರು ಬರಲಿ ಎಂಬುದು ಅವರ ಆಸೆ. 1977ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಒಂದೇ ಅಂಗಿಯ ಅಣ್ಣತಮ್ಮಂದಿರು

1960ರ ದಶಕದ ನಡುವೆಯೇ ಎಚ್‌ಸಿಜಿಯನ್ನೂ ಈ ವಿಧಾನದಿಂದ ಅಳೆಯತೊಡಗಿದರು. ಆದರೆ ಒಂದು ತೊಡಕು ಎದುರಾಯಿತು. ಪಿಟ್ಯೂಟರಿ ಗ್ರಂಥಿಯ ಎಲ್‌ಎಚ್ ಎಂಬ ಹಾರ್ಮೋನು ಪ್ರತಿ ಹೆಂಗಸಿನ ರಕ್ತದಲ್ಲೂ ಇರುತ್ತದೆ, ತಿಂಗಳ ನಡುವೆ ಏರುತ್ತದೆ, ಮುಟ್ಟು ನಿಂತ ವಯಸ್ಸಿನಲ್ಲಂತೂ ಇನ್ನೂ ಹೆಚ್ಚಾಗುತ್ತದೆ. ಅದು ಎಚ್‌ಸಿಜಿಯ ಅಣ್ಣತಮ್ಮನಂತೆ ಇದೆ. ಪ್ರತಿಕಾಯಕ್ಕೆ ಇಬ್ಬರ ಗುರುತೂ ಒಂದೇ. ಹಾಗಾದರೆ ಅಳೆದದ್ದು ಯಾರನ್ನು?

ಎರಡು ಹಾರ್ಮೋನುಗಳೂ ಆಲ್ಫಾ, ಬೀಟಾ ಎಂಬ ಎರಡೆರಡು ಸರಪಳಿಗಳಿಂದ ಆದವು ಎಂದು ಆಮೇಲೆ ತಿಳಿಯಿತು. ಆಲ್ಫಾ ಸರಪಳಿ ಇಬ್ಬರಿಗೂ ಒಂದೇ, ಅಣ್ಣತಮ್ಮಂದಿರು ಒಂದೇ ಬಟ್ಟೆಯಲ್ಲಿ ಹೊಲಿಸಿಕೊಂಡ ಅಂಗಿಯ ಹಾಗೆ. ವ್ಯತ್ಯಾಸ ಇರುವುದು ಬೀಟಾದಲ್ಲಿ. ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಜೂಡಿತ್ ವೈಟುಕೈಟಿಸ್, ಗ್ಲೆನ್ ಬ್ರೌನ್‌ಸ್ಟೈನ್, ಗ್ರಿಫ್ ರಾಸ್ ಈ ಬೀಟಾ ತುಂಡನ್ನಷ್ಟೇ ಮೊಲಗಳಿಗೆ ಚುಚ್ಚಿ ಹೊಸ ಪ್ರತಿಕಾಯ ಪಡೆದರು. ಅದು ಎಲ್‌ಎಚ್ ಕಡೆ ತಿರುಗಿ ನೋಡದೆ ಎಚ್‌ಸಿಜಿಯನ್ನೇ ಹಿಡಿಯಿತು. 1972ರಲ್ಲಿ ಈ ಪರೀಕ್ಷೆ ಪ್ರಕಟವಾಯಿತು. ಅವರ ಮೊದಲ ಗುರಿ ಬಸಿರಲ್ಲ, ಲೀ ಹೋರಾಡಿದ ಅದೇ ಕ್ಯಾನ್ಸರ್. ಸಂಖ್ಯೆ ನಿಜವಾಗಿ ಸೊನ್ನೆಯಾಯಿತೇ ಎಂದು ತಿಳಿಯಲು ಹುಡುಕಿದ ದಾರಿ ಇಡೀ ಲೋಕದ ತಾಯಂದಿರಿಗೆ ಒದಗಿತು. ವರದಿಯಲ್ಲಿ 'ಬೀಟಾ' ಎಂಬ ಪದ ಯಾಕಿದೆ ಎಂಬುದು ಈಗ ನಿಮಗೆ ಗೊತ್ತಾಯಿತಲ್ಲ!

ಮುಂದಿನದನ್ನು ಬೇಗ ಹೇಳಿಬಿಡೋಣ. 1971ರಲ್ಲಿ ಸ್ವೀಡನ್ನಿನಲ್ಲೂ ನೆದರ್‌ಲ್ಯಾಂಡ್ಸಿನಲ್ಲೂ ವಿಕಿರಣದ ಬದಲು ಬಣ್ಣ ಬರಿಸುವ ಕಿಣ್ವವನ್ನು ಅಂಟಿಸುವ ವಿಧಾನ ಬಂತು. ಡಚ್ಚರು ಅದನ್ನು ಮೊದಲು ಬಳಸಿದ್ದೇ ಎಚ್‌ಸಿಜಿಗೆ. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವುದನ್ನು ತೋರಿಸಿದರು. ಔಷಧದಂಗಡಿಯಲ್ಲಿ ಸಿಗುವ, ಎರಡು ಗೆರೆ ಮೂಡುವ ಪಟ್ಟಿ ಹುಟ್ಟಿದ್ದು ಈ ದಾರಿಯಲ್ಲಿ. ಆ ಪಟ್ಟಿ 'ಇದೆ' ಎಂದಷ್ಟೇ ಹೇಳುತ್ತದೆ, ರಕ್ತಪರೀಕ್ಷೆ 'ಎಷ್ಟಿದೆ' ಎಂದು ಹೇಳುತ್ತದೆ.

ನಾಡಿದ್ದು ಮತ್ತೆ ಬರಬೇಕಾದದ್ದು ಯಾಕೆ?

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಮಿಲಿಲೀಟರಿಗೆ 5 ಮಿಲಿ ಅಂತರರಾಷ್ಟ್ರೀಯ ಮಾನಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಬಸಿರು ಇಲ್ಲವೆಂದು, 25ಕ್ಕಿಂತ ಹೆಚ್ಚಿದ್ದರೆ ಇದೆಯೆಂದು ತಿಳಿಯುತ್ತಾರೆ. ಆರೋಗ್ಯವಾದ ಗರ್ಭದಲ್ಲಿ ಮೊದಲ ವಾರಗಳಲ್ಲಿ ಈ ಸಂಖ್ಯೆ ಎರಡು ಮೂರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಎಂಟರಿಂದ ಹನ್ನೊಂದನೆಯ ವಾರದ ಹೊತ್ತಿಗೆ ಶಿಖರ ಮುಟ್ಟಿ ಆಮೇಲೆ ಇಳಿಯುತ್ತದೆ. ಆದರೆ ಒಬ್ಬೊಬ್ಬರ ಸಂಖ್ಯೆ ಒಂದೊಂದು ತೆರ. ಆದ್ದರಿಂದ ಒಂದು ದಿನದ ಸಂಖ್ಯೆಗಿಂತ ಅದರ ನಡಿಗೆ ಮುಖ್ಯ.

ಕೆಲವೊಮ್ಮೆ ಭ್ರೂಣ ಗರ್ಭಕೋಶ ತಲುಪದೆ ದಾರಿಯಲ್ಲೇ, ಅಂಡನಾಳದಲ್ಲೇ ನೆಲೆಸಿಬಿಡುತ್ತದೆ. ಕಿರಿದಾದ ಆ ನಾಳ ಬಿರಿದರೆ ಹೊಟ್ಟೆಯೊಳಗೇ ರಕ್ತ ಸೋರಿ ತಾಯಿಯ ಜೀವಕ್ಕೇ ಅಪಾಯ. ಹೊರಗೆ ಕಾಣುವುದು ಬರೀ ಹೊಟ್ಟೆನೋವು, ಸ್ವಲ್ಪ ರಕ್ತಸ್ರಾವ. ಇಂಥ ಕಡೆ ಎಚ್‌ಸಿಜಿ ಸಾಮಾನ್ಯವಾಗಿ ಕುಂಟುತ್ತ ಏರುತ್ತದೆ. 48 ಗಂಟೆಯಲ್ಲಿ ನೂರಕ್ಕೆ 66ರಷ್ಟಾದರೂ ಏರದಿದ್ದರೆ ಎಚ್ಚರ ವಹಿಸಬೇಕೆಂದು 1981ರಲ್ಲಿ ನಿಕೋಲಸ್ ಕಡಾರ್ ಮತ್ತು ಸಂಗಡಿಗರು ಸೂಚಿಸಿದರು. ಅದಕ್ಕಿಂತ ನಿಧಾನವಾಗಿ ಏರಿಯೂ ಸುಖವಾಗಿ ಹೆರಿಗೆಯಾದವರು ಕಂಡುಬಂದದ್ದರಿಂದ ಆ ಗೆರೆಯನ್ನು ಮುಂದೆ ನೂರಕ್ಕೆ 50ರ ಸುತ್ತಮುತ್ತಲಿಗೆ ಇಳಿಸಿದರು. ಅಲ್ಟ್ರಾಸೌಂಡ್ ಚಿತ್ರವನ್ನೂ ಜೊತೆಗಿಟ್ಟು ನೋಡಿದರೆ ನಾಳ ಬಿರಿಯುವ ಮೊದಲೇ ಅಪಾಯ ಗೊತ್ತಾಗುತ್ತದೆ. ಬೇಗ ಗೊತ್ತಾದರೆ ಅನೇಕರಿಗೆ ಶಸ್ತ್ರಚಿಕಿತ್ಸೆಯೇ ಬೇಡ, ಔಷಧ ಸಾಕು. ಆ ಔಷಧ ಯಾವುದು ಬಲ್ಲಿರಾ? ಅದೇ ಮೆಥೊಟ್ರೆಕ್ಸೇಟ್. ಅದು ಕೆಲಸ ಮಾಡಿತೇ ಎಂದು ನೋಡುವುದೂ ಇದೇ ಸಂಖ್ಯೆಯಿಂದ.

ನಮ್ಮ ನೆಲದಲ್ಲಿ

ಈ ಕಥೆಯಲ್ಲಿ ಭಾರತದ ಪಾಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಅವರು ಎಲ್‌ಎಚ್‌ನಂಥ ಹಾರ್ಮೋನುಗಳ ವಿರುದ್ಧ ಪ್ರತಿಕಾಯಗಳನ್ನು ಬಳಸಿ ಆ ಹಾರ್ಮೋನುಗಳ ಕೆಲಸವನ್ನು ದಶಕಗಳ ಕಾಲ ಬಿಡಿಸಿ ತೋರಿಸಿದರು. ದೆಹಲಿಯಲ್ಲಿ ಜಿ. ಪಿ. ತಲ್ವಾರ್ ಅವರು ಎಚ್‌ಸಿಜಿಯ ಬೀಟಾ ಸರಪಳಿಯನ್ನೇ ಬಳಸಿ ಗರ್ಭನಿರೋಧಕ ಲಸಿಕೆಯ ದಾರಿ ಹುಡುಕಿದರು. 1994ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ, ಸಾಕಷ್ಟು ಪ್ರತಿಕಾಯ ಮೂಡಿದ್ದ ಹೆಂಗಸರ 1,224 ಋತುಚಕ್ರಗಳಲ್ಲಿ ಗರ್ಭ ನಿಂತದ್ದು ಒಂದೇ ಒಂದು ಸಲ. ಟ್ರಾಂಬೆಯ ಅಣುವಿಜ್ಞಾನಿಗಳ ಶ್ರಮದಿಂದ ಥೈರಾಯ್ಡ್ ಹಾರ್ಮೋನುಗಳ ರೇಡಿಯೋ ಇಮ್ಯುನೋ ಅಸ್ಸೇ ಸಾಮಗ್ರಿಗಳು ನಮ್ಮಲ್ಲೇ ತಯಾರಾದವು.

ಇನ್ನೊಂದು ಮಾತು. ಈ ಸಂಖ್ಯೆ ನೋಡಿ ಹುಟ್ಟುವುದು ಗಂಡೋ ಹೆಣ್ಣೋ ಎಂದು ಹೇಳುತ್ತೇನೆ ಎನ್ನುವವರು ಬಂದರೆ ನಂಬಬೇಡಿ. ಬಾರ್ಲಿ ಕಾಳಿಗೂ ಅದು ಸಾಧ್ಯವಾಗಲಿಲ್ಲ, ಎಚ್‌ಸಿಜಿಗೂ ಸಾಧ್ಯವಿಲ್ಲ. ಯಾವ ವಿಧಾನದಿಂದಲೇ ಆಗಲಿ, ಭ್ರೂಣದ ಲಿಂಗ ಪತ್ತೆ ಮಾಡಿ ತಿಳಿಸುವುದು 1994ರ ಕಾಯಿದೆಯ ಪ್ರಕಾರ ನಮ್ಮ ದೇಶದಲ್ಲಿ ಅಪರಾಧ.

ಸಂಖ್ಯೆಯೂ ತಪ್ಪಬಹುದು

ಸಂಖ್ಯೆಯನ್ನು ನಂಬಿದ ಲೀ ಗೆದ್ದರು ಎಂದು ಓದಿದಿರಿ. ಹಾಗೆಂದು ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಬಹುದೇ? 2000ರಲ್ಲಿ ರಾಟ್ಮೆನ್ಶ್ ಮತ್ತು ಕೋಲ್ ಎಂಬ ಸಂಶೋಧಕರು ಮನಕಲಕುವ ಒಂದು ವರದಿಯನ್ನು ಪ್ರಕಟಿಸಿದರು. 12 ಹೆಂಗಸರ ರಕ್ತದಲ್ಲಿ ಎಚ್‌ಸಿಜಿ ಇದೆಯೆಂದು ಯಂತ್ರ ಹೇಳಿತ್ತು. ಬಸಿರಿಲ್ಲ, ಆದ್ದರಿಂದ ಕ್ಯಾನ್ಸರೇ ಇರಬೇಕೆಂದು ಹಲವರಿಗೆ ಔಷಧ ಕೊಟ್ಟರು, ಶಸ್ತ್ರಚಿಕಿತ್ಸೆ ಮಾಡಿದರು. ನಿಜಕ್ಕೂ ಅವರಿಗೆ ಕ್ಯಾನ್ಸರ್ ಇರಲಿಲ್ಲ, ಎಚ್‌ಸಿಜಿಯೂ ಇರಲಿಲ್ಲ. ಅವರ ರಕ್ತದಲ್ಲಿದ್ದ ಬೇರೊಂದು ಬಗೆಯ ಪ್ರತಿಕಾಯ ಪರೀಕ್ಷೆಯ ಪ್ರತಿಕಾಯಕ್ಕೆ ಅಂಟಿಕೊಂಡು ಸುಳ್ಳು ಸಂಖ್ಯೆ ಹುಟ್ಟಿಸಿತ್ತು. ಪತ್ತೆ ಹಚ್ಚುವ ಉಪಾಯ ಸುಲಭವಾಗಿತ್ತು. ಆ ಪ್ರತಿಕಾಯ ದೊಡ್ಡ ಅಣುವಾದ್ದರಿಂದ ಮೂತ್ರಕ್ಕೆ ಇಳಿಯುವುದಿಲ್ಲ. ಮೂತ್ರವನ್ನೂ ಪರೀಕ್ಷಿಸಿದ್ದರೆ ಸತ್ಯ ಅಲ್ಲೇ ಹೊರಬೀಳುತ್ತಿತ್ತು. ಮೂರು ಸಾವಿರ ವರ್ಷ ಹಳೆಯ ದಾರಿ ಹೊಸ ದಾರಿಯನ್ನು ತಿದ್ದಬಲ್ಲದು ಎಂದಾಯಿತು.

ಲೀ ಅವರ ಕಥೆಯನ್ನೂ ಈ 12 ಹೆಂಗಸರ ಕಥೆಯನ್ನೂ ಒಟ್ಟಿಗೆ ನೆನಪಿಡಿ. ಕಣ್ಣಿಗೆ ಕಾಣದ್ದನ್ನು ಅಳತೆ ತೋರಿಸಿದಾಗ ಅದನ್ನು ತಳ್ಳಿಹಾಕಬಾರದು. ಅಳತೆಗೂ ರೋಗಿಯ ಸ್ಥಿತಿಗೂ ತಾಳೆಯಾಗದಿದ್ದಾಗ ಇನ್ನೊಂದು ದಾರಿಯಿಂದ ಅಳೆದು ನೋಡದೆ ಮುಂದುವರಿಯಬಾರದು.

ಪ್ರಯೋಗಾಲಯದ ಬೆಂಚಿನಲ್ಲಿ ಕುಳಿತ ಆ ಯುವತಿ ನಾಡಿದ್ದು ಮತ್ತೆ ಬರುತ್ತಾಳೆ, ತೋಳು ಚಾಚುತ್ತಾಳೆ. ಎರಡನೆಯ ಸಂಖ್ಯೆ ಬಂದ ಮೇಲೆ ಅವಳ ವೈದ್ಯೆ ಎರಡು ಚೀಟಿಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟು ನೋಡುತ್ತಾರೆ. ನಿಮ್ಮಲ್ಲಿ ಕೆಲವರು ಮುಂದೆ ಆ ಕುರ್ಚಿಯಲ್ಲಿ ಕುಳಿತುಕೊಳ್ಳುವವರು, ಇನ್ನು ಕೆಲವರು ಆ ರಕ್ತವನ್ನು ಪರೀಕ್ಷಿಸುವವರು. ಆಗ ಈ ಪಾಠ ನಿಮಗೆ ನೆನಪಿರಲಿ.

ಯೋಚಿಸಿ ನೋಡಿ

1. ಮೊದಲ ದಿನ 100 ಇದ್ದ ಎಚ್‌ಸಿಜಿ ಎರಡು ದಿನಕ್ಕೊಮ್ಮೆ ಇಮ್ಮಡಿಯಾದರೆ ಹತ್ತನೆಯ ದಿನದ ಕೊನೆಗೆ ಎಷ್ಟಾಗುತ್ತದೆ?

2. ಬಸ್ಸಿನ ಉದಾಹರಣೆಯಲ್ಲಿ ಸೀಟುಗಳು 50ರ ಬದಲು 500 ಇದ್ದಿದ್ದರೆ ಕೆಂಪು ಟೋಪಿ ಎಣಿಸಿ ಲೆಕ್ಕ ಹೇಳಲು ಆಗುತ್ತಿತ್ತೇ? ಯಾಕೆ?

3. ಯಾಲೋ ಮತ್ತು ಬೆರ್ಸನ್ ಪೇಟೆಂಟ್ ಪಡೆಯದೆ ಇದ್ದದ್ದು ಸರಿಯೇ? ತರಗತಿಯಲ್ಲಿ ಚರ್ಚಿಸಿ.